ಮೂರಡಿ ಬಾಗಿಲು, ಎಂಟೂಕಾಲಡಿ ಜೇಡ

ಕೊಳಾಯಿ ರಿಪೇರಿಯ ಆ ಮನುಷ್ಯನಿಗೆ ಬದುಕಿನಲ್ಲಿ ಇದ್ದ ದುಃಖ ಒಂದೇ: ಅವನ ರಾಕ್ಷಸರಿಗೆ ಸ್ವಂತ ಮನೆಯಲ್ಲೇ ಮರ್ಯಾದೆ ಇರಲಿಲ್ಲ.

ಪ್ರತಿ ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಸಾಹಸದ ಆಟ. ಹೆಂಡತಿ ಖಡ್ಗಧಾರಿಣಿ. ಗಣಿತದ ಟೀಚರಾಗಿ ನಿವೃತ್ತರಾದ ಅತ್ತೆ ಮಾಟಗಾತಿ (ಪಾತ್ರ ಅವರೇ ಆರಿಸಿಕೊಂಡದ್ದು, ಅವನು ಬಾಯಿ ಬಿಟ್ಟಿರಲಿಲ್ಲ). ಗುಹೆಗಳ ನಕ್ಷೆ ಬರೆದು, ದೈತ್ಯರನ್ನು ಹುಟ್ಟಿಸಿ, ದಾಳ ಉರುಳಿಸಿ ಇವರಿಬ್ಬರ ಮೇಲೆ ಛೂ ಬಿಡುವುದು ಅವನ ಪಾಲಿನ ಕೆಲಸ. ಆರು ತಿಂಗಳಿಂದ ಮಾಟಗಾತಿಯ ಮೈಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ಆ ಭಾನುವಾರ ಅವನು ದನಿ ತಗ್ಗಿಸಿ ಘೋಷಿಸಿದ: “ನಿಧಿ ಕಾಯೋ ಮಹಾಜೇಡ ಗುಹೆ ಬಾಗಿಲಿಂದ ಹೊರಗೆ ಬರ್ತಾ ಇದೆ!”

“ಎಷ್ಟು ದೊಡ್ಡದು?” ಅತ್ತೆ ಪೆನ್ಸಿಲ್ ಎತ್ತಿದರು.

“ಎಂಟು ಕಾಲು...”

“ಎಂಟೂಕಾಲು ಅಡಿ,” ಅತ್ತೆ ಬರೆದುಕೊಂಡರು. “ನಿಮ್ಮ ನಕ್ಷೇಲಿ ಬಾಗಿಲು ಮೂರೇ ಅಡಿ. ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ ಅಳಿಯಂದಿರೇ!”

ಅವನು ಹೇಳಹೊರಟದ್ದು ಕಾಲುಗಳ ಲೆಕ್ಕ. ಆದರೆ ಎಂಟೂಕಾಲಡಿ ಎಂದರೆ ಕೇಳುವುದಕ್ಕೇ ಎಷ್ಟು ಭರ್ಜರಿ! ಬಿಟ್ಟುಕೊಡಲು ಮನಸ್ಸಾಗಲಿಲ್ಲ.

“ಕಾಲು ಮಡಚಿಕೊಂಡು ಬರುತ್ತೆ,” ಎಂದ.

“ಮಡಚಿ ತೋರಿಸ್ರೀ ನೋಡೋಣ,” ಎಂದಳು ಹೆಂಡತಿ. “ಅಲ್ಲೀವರೆಗೆ ನಾವು ಸಾಯಲ್ಲ.”

ಪಂಥವೆಂದರೆ ಪಂಥ. ವಾರವಿಡೀ ಸಂಜೆ ಹೊತ್ತು ಮಲಗುವ ಕೋಣೆಯಲ್ಲಿ ಜೇಡಸೃಷ್ಟಿಯ ಮಹಾಕಾರ್ಯ ನಡೆಯಿತು. ಪ್ಲಾಸ್ಟಿಕ್ ಪೈಪಿನ ಕಾಲುಗಳು, ಮಂಡಿಗೆ ತಿರುಗುವ ಜೋಡಣೆಗಳು, ಕಪ್ಪು ಬಟ್ಟೆಯೊಳಗೆ ಮನೆಯ ದಿಂಬುಗಳನ್ನೆಲ್ಲ ತುರುಕಿದ ಹೊಟ್ಟೆ. ಹೆಂಡತಿ ತಾಯಿಯ ಕೋಣೆಗೆ ವಲಸೆ ಹೋಗಿ, ದಿಂಬಿನ ಬದಲು ತಲೆಯಡಿ ಟವೆಲ್ ಸುತ್ತಿಟ್ಟುಕೊಂಡು ಮಲಗಿದಳು.

ಮುಂದಿನ ಭಾನುವಾರ ತಾಯಿ ಮಗಳು ಹಜಾರದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಅವನು ಒಳಗಿಂದ ಜೇಡವನ್ನು ಕೋಣೆಯ ಮೂರಡಿ ಬಾಗಿಲಿಗೆ ತಳ್ಳಿದ. ಎರಡು ಕಾಲು ಹೊರಬಂದವು. ಮಿಕ್ಕವು ಚೌಕಟ್ಟಿಗೆ ತಗುಲಿದವು. ಮಂಡಿ ಮಡಚಲು ನೋಡಿದ. ಮಡಚಲಿಲ್ಲ. ಆಗ ಅವನಿಗೆ ಹೊಳೆಯಿತು: ಇಪ್ಪತ್ತು ವರ್ಷದ ಕೈರೂಢಿ, ನೀರು ಸೋರಬಾರದೆಂದು ಒಂದೊಂದು ಮಂಡಿಗೂ ತಾನೇ ತಾನಾಗಿ ಅಂಟು ಬಳಿದುಬಿಟ್ಟಿತ್ತು!

“ಏನಾಯ್ತು ರೀ?”

“ಜೇಡ... ಯೋಚನೆ ಮಾಡ್ತಾ ಇದೆ.”

ಉಸಿರು ಬಿಗಿಹಿಡಿದು ಇನ್ನೊಮ್ಮೆ ನೂಕಿದ. ಜೇಡದ ಹೊಟ್ಟೆ ಬಿರಡೆಯಂತೆ ಬಾಗಿಲಿಗೆ ಜಡಿದುಕೊಂಡಿತು. ಇನ್ನು ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಕಿಟಕಿಗೋ ಕಬ್ಬಿಣದ ಸರಳು.

“ಜೇಡ ಸಿಕ್ಕಿಹಾಕಿಕೊಂಡಿದೆ,” ಅತ್ತೆ ತೀರ್ಪು ಕೊಟ್ಟರು. “ನನ್ನ ಮಾಟಗಾತಿ ನಿಧಿ ಎತ್ತಿಕೊಂಡು ಹೊರಟಳು.”

“ಅತ್ತೇ, ನಿಧಿ ಹಾಳಾಗಲಿ! ನಾನು ಒಳಗಿದ್ದೀನಿ!”

“ನಕ್ಷೇಲಿ ನೀವಿಲ್ಲ ಅಳಿಯಂದಿರೇ.”

ಕೊನೆಗೆ ಹೆಂಡತಿಗೆ ಕರುಣೆ ಬಂದು, ಕಾಲುಗಳ ಸಂದಿಯಿಂದ ಗರಗಸ ತೂರಿಸಿದಳು. ಹೆತ್ತ ಕೈಯಿಂದಲೇ ಅವನು ಜೇಡದ ಕಾಲುಗಳನ್ನು ಒಂದೊಂದಾಗಿ ಕೊಯ್ದ. ಒಂದೊಂದು ಬಿದ್ದಾಗಲೂ ಹೊರಗೆ ಅತ್ತೆ ಗಟ್ಟಿಯಾಗಿ ಎಣಿಸಿದರು. ಎಂಟು ಎನ್ನುವಷ್ಟರಲ್ಲಿ ಹೊಟ್ಟೆ ಹಜಾರಕ್ಕೆ ಉರುಳಿತು, ಅದರ ಮೇಲೆ ಅವನೂ.

“ಬಾಗಿಲು ದಾಟ್ತು, ಒಪ್ಪಿದೆ,” ಎಂದರು ಅತ್ತೆ, ನ್ಯಾಯವಾಗಿ. “ಆದ್ರೆ ಕೊಂದಿದ್ದು ನೀವೇ. ಮುಂದಿನ ವಾರ ಹಾವು ತನ್ನಿ ಅಳಿಯಂದಿರೇ, ಕಾಲಿನ ರಗಳೆ ಇರಲ್ಲ.”