ದರ್ಜೆಗೆ ತಕ್ಕ ಲೈಸೆನ್ಸು

ಪಿಂಚಣಿ ಕಚೇರಿಯಲ್ಲಿ ಯಂತ್ರಗಳಿಗೂ ದರ್ಜೆಯುಂಟು ಎಂಬುದು ಆಡಳಿತದ ಮೂಲತತ್ವ. ಕಂಪ್ಯೂಟರುಗಳನ್ನು ಒಂದಕ್ಕೊಂದು ಬೆಸೆಯುವ ಸ್ವಿಚ್ಚು ಎಂಬ ಹೊಸ ಪೆಟ್ಟಿಗೆಗಳು ಬಂದಾಗ, ಯಾವುದರ ತಂತ್ರಾಂಶಕ್ಕೆ ನಿಧಾನದ ಬೇಸಿಕ್ ಲೈಸೆನ್ಸು, ಯಾವುದಕ್ಕೆ ವೇಗದ ಪ್ರೀಮಿಯಂ ಎಂದು ಆರಿಸುವ ಹೊಣೆ ಇಂಜಿನಿಯರಮ್ಮನ ಹೆಗಲಿಗೆ ಬಿತ್ತು.

"ಕೌಂಟರುಗಳಿಗೆ ಪ್ರೀಮಿಯಂ ಬೇಕು ಸಾರ್, ಊರಿನ ಕೆಲಸವೆಲ್ಲ ಅಲ್ಲೇ. ನಿಮ್ಮ ಕೋಣೆಗೆ ಬೇಸಿಕ್ ಸಾಕು."

ನಿರ್ದೇಶಕರು ಕನ್ನಡಕ ತೆಗೆದರು. "ನನಗೆ ಬೇಸಿಕ್ಕು, ಗುಮಾಸ್ತರಿಗೆ ಪ್ರೀಮಿಯಮ್ಮು. ಹಾಗಾದ್ರೆ ಈ ಬಾಗಿಲಿಗೆ ಬೋರ್ಡು ಯಾಕಮ್ಮ ಹಾಕಿರೋದು?"

ಇಂಜಿನಿಯರಮ್ಮನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅವರು ಹೇಳಿದಂತೆಯೇ ಪಟ್ಟಿ ತಿದ್ದಿದಳು. ‘ದತ್ತಾಂಶವು ಪದವಿಗನುಗುಣವಾಗಿ ಹರಿಯತಕ್ಕದ್ದು’ ಎಂಬ ಸುತ್ತೋಲೆ ಹೊರಟಿತು. ಕೌಂಟರುಗಳು ಬೇಸಿಕ್ ಆಗಿ, ನಿರ್ದೇಶಕರ ಕೋಣೆ ಪ್ರೀಮಿಯಂ ಆಯಿತು. ಅಲ್ಲಿದ್ದ ಒಂದೇ ಒಂದು ಕಂಪ್ಯೂಟರಿನ ಹೊದಿಕೆಯನ್ನು ಈವರೆಗೆ ಯಾರೂ ಸರಿಸಿರಲಿಲ್ಲ, ಮುಂದೆಯೂ ಸರಿಸಲಿಲ್ಲ.

ಇತ್ತ ಕೌಂಟರಿನ ಪರದೆಗಳು ಆಮೆಯೂ ನಾಚುವಂತೆ ತೆವಳತೊಡಗಿದವು. ತಾವು ಬದುಕಿದ್ದೇವೆಂಬ ಪ್ರಮಾಣಪತ್ರಕ್ಕೆ ಬಂದ ವೃದ್ಧರ ಸಾಲು ಬೀದಿಗಿಳಿಯಿತು. ಅದರಲ್ಲಿ ಇಂಜಿನಿಯರಮ್ಮನ ಸೋದರತ್ತೆಯೂ ಇದ್ದಳು.

"ನಾನು ಬದುಕಿದ್ದೀನಿ ಅಂತ ನಂಬೋಕೆ ನಿನ್ನ ಪೆಟ್ಟಿಗೆಗೆ ಇಷ್ಟು ಹೊತ್ತು ಬೇಕೇನೇ? ಇನ್ನೂ ತಡ ಮಾಡಿದ್ರೆ ಅದು ಕೊಡೋ ಪತ್ರ ಸುಳ್ಳಾಗುತ್ತೆ ನೋಡು."

ಅತ್ತೆಯ ಬಾತ ಕಾಲು ಕಂಡ ಇಂಜಿನಿಯರಮ್ಮ ನೆಟ್ಟಗೆ ನಿರ್ದೇಶಕರ ಬಳಿಗೆ ಹೋದಳು.

"ಲೈಸೆನ್ಸು ಅದಲುಬದಲು ಮಾಡೋಣ ಸಾರ್."

"ಸುತ್ತೋಲೆ ಹೊರಟಾಗಿದೆ. ಇನ್ನು ಲೈಸೆನ್ಸು ಕದಲೋ ಹಾಗಿಲ್ಲ."

"ಜನ ಕದಲಬಹುದಾ?"

ನಿರ್ದೇಶಕರು ನಿಯಮಾವಳಿ ತಿರುವಿದರು. ಅದರಲ್ಲಿ ಜನರ ಪ್ರಸ್ತಾಪವೇ ಇರಲಿಲ್ಲವಾದ್ದರಿಂದ ಅನುಮತಿ ಸಿಕ್ಕಿತು.

ಮರುದಿನ ಗುಮಾಸ್ತರು ಕಂಪ್ಯೂಟರುಗಳ ಸಮೇತ ನಿರ್ದೇಶಕರ ಕೋಣೆಗೆ ಗುಳೆ ಹೋದರು. ಅತ್ತೆ ಮೆತ್ತನೆಯ ಸೋಫಾದಲ್ಲಿ ಕೂತು ಸೆರಗು ಸರಿಪಡಿಸಿಕೊಳ್ಳುವಷ್ಟರಲ್ಲಿ ಬದುಕಿರುವುದು ಸಾಬೀತಾಯಿತು. "ಪ್ರೀಮಿಯಂ ಅಂದ್ರೆ ಹೀಗಿರಬೇಕು," ಎಂದಳು, ಸೋಫಾ ಸವರುತ್ತ.

ಗದ್ದಲ ತಾಳಲಾರದ ನಿರ್ದೇಶಕರು ಖಾಲಿಯಾದ ಕೌಂಟರುಗಳ ಮುಂದಿನ ಬೆಂಚಿಗೆ ಬಂದರು. ಸ್ವಲ್ಪ ಹೊತ್ತಿಗೆ, ಒಳಗೆ ಮರೆತ ಕನ್ನಡಕ ನೆನಪಾಗಿ ಎದ್ದರು. ಬಾಗಿಲ ಕಾವಲುಗಾರ ಕೈ ಅಡ್ಡ ಹಿಡಿದ.

"ಸಾಲಿದೆ ಸಾರ್."

ಇಂಜಿನಿಯರಮ್ಮ ವಿನಯದಿಂದ ಒಂದು ಟೋಕನ್ ತಂದುಕೊಟ್ಟಳು. ನಿರ್ದೇಶಕರು ಅದನ್ನು ಕಣ್ಣಿನ ಹತ್ತಿರ ಹಿಡಿದು ಹಿಂದುಮುಂದು ನೋಡಿದರು.

"ಇದು ಪ್ರೀಮಿಯಂ ತಾನೇ?"

"ಪ್ರೀಮಿಯಮ್ಮೇ ಸಾರ್."

ಅವರು ನೆಮ್ಮದಿಯಿಂದ ಸಾಲಿನ ಕೊನೆಗೆ ಹೋಗಿ ನಿಂತರು. ಮುಂದಿದ್ದ ಅಜ್ಜ, ಅವರು ಒರಗಿಕೊಳ್ಳಲೆಂದು ತಾನು ಒರಗಿದ್ದ ಗೋಡೆ ಬಿಟ್ಟುಕೊಟ್ಟ.