ಲೇಬಲ್ ಕಿತ್ತುಕೊಂಡು ಆಸ್ಪತ್ರೆಗೆ ಓಡುವುದರ ನಿಷೇಧ

ಸುತ್ತೋಲೆ ಸಂಖ್ಯೆ: ತೋಟ/ಲೇಬಲ್/೧/ತುರ್ತು (ಹನ್ನೊಂದು ದಿನ ತಡವಾಗಿ ಹೊರಡಿಸಿದ್ದು)

ವಿಷಯ: ಕೀಟನಾಶಕ ಡಬ್ಬಿಗಳ ಲೇಬಲ್‌ಗಳ ಆರೋಗ್ಯ ರಕ್ಷಣೆ ಕುರಿತು.

ಉಲ್ಲೇಖ: ಔಷಧಿ ಹೊಡೆಯುವವನ ಹೆಂಡತಿಯ ಹೇಳಿಕೆ, ಉಗ್ರಾಣದ ಬಾಗಿಲಲ್ಲಿ ನಿಲ್ಲಿಸಿ ಪಡೆದದ್ದು.

ಪರಸ್ಥಳದಿಂದ ಕೂಲಿಗೆ ಬಂದು ಇಲಾಖೆಯ ಟೊಮೇಟೊ ತೋಟದಲ್ಲಿ ಔಷಧಿ ಹೊಡೆಯುತ್ತಿದ್ದವನೊಬ್ಬ ಬೆನ್ನಿನ ಪಂಪಿನ ಸಮೇತ ಸಾಲಿನ ನಡುವೆ ಬಿದ್ದಿದ್ದು, ಬಾಯಲ್ಲಿ ನೊರೆ ಬಂದಿರುತ್ತದೆ. ಅವನ ಹೆಂಡತಿಯು ಅನುಮತಿಯಿಲ್ಲದೆ ಡಬ್ಬಿಯ ಲೇಬಲ್ ಕಿತ್ತು ಆಸ್ಪತ್ರೆಗೆ ಒಯ್ದಿರುವುದು ಗಮನಕ್ಕೆ ಬಂದಿದೆ. ವಿಚಾರಿಸಲಾಗಿ ಆಕೆ, “ಯಾವ ವಿಷ ಅಂತ ಡಾಕ್ಟ್ರು ಕೇಳಿದ್ರು ಸ್ವಾಮಿ. ನಂಗೆ ಈ ಕಡೆ ಅಕ್ಷರ ಬರಲ್ಲ. ಡಬ್ಬಿ ಕೊಡಲ್ಲ ಅಂದ್ರಿ, ಚೀಟಿ ಕಿತ್ಕೊಂಡು ಓಡ್ದೆ. ಇನ್ನೇನ್ ಮಾಡ್ಲಿ, ನಿಮ್ಮ ಮುಖ ನೋಡ್ತಾ ಕೂತಿರ್ಲಾ?” ಎಂದು ಏರುದನಿಯಲ್ಲಿ ನುಡಿದಿರುತ್ತಾಳೆ. ಏರುದನಿಯ ಬಗ್ಗೆ ಪ್ರತ್ಯೇಕ ಸುತ್ತೋಲೆ ಹೊರಡಲಿದೆ.

ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:

೧. “ವಿಷ” ಎಂಬ ಪದವನ್ನು ತೋಟದಲ್ಲಿ ಬಳಸತಕ್ಕದ್ದಲ್ಲ.

೨. ಬೀಳಬಯಸುವ ಕಾರ್ಮಿಕರು ಮೊದಲು ಪಂಪನ್ನು ಮೆಲ್ಲಗೆ ಕೆಳಗಿಳಿಸಿ, ಮುಚ್ಚಳ ಭದ್ರಪಡಿಸಿ, ಅನಂತರ ಬೀಳತಕ್ಕದ್ದು. ಪಂಪು ಇಲಾಖೆಯ ಸ್ವತ್ತು, ಬೆನ್ನು ಅಲ್ಲ.

೩. ಡಬ್ಬಿಯಲ್ಲಿ ಏನಿದೆಯೆಂದು ತಿಳಿಯಬಯಸುವವರು ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸಬಹುದು. ಡಬ್ಬಿಯಲ್ಲಿ ಏನಿದೆಯೆಂಬುದನ್ನು ಅರ್ಜಿಯಲ್ಲಿ ನಮೂದಿಸುವುದು ಕಡ್ಡಾಯ. ಉತ್ತರಕ್ಕೆ ಏಳು ಕೆಲಸದ ದಿನಗಳು ಬೇಕಾಗುತ್ತವೆ. ಅಲ್ಲಿಯವರೆಗೆ ರೋಗಿಯ ಉಸಿರನ್ನು ಯಥಾಸ್ಥಿತಿಯಲ್ಲಿ ಕಾಯ್ದುಕೊಳ್ಳುವ ಹೊಣೆ ಅರ್ಜಿದಾರರದು.

೪. ಕೈಗವಸು, ಮುಖಗವಸು ಇಲ್ಲವೆಂಬ ದೂರು ಶುದ್ಧ ಸುಳ್ಳು. ಒಂದು ಜೊತೆ ಇದೆ. ಕೊಳೆಯಾದೀತೆಂದು ಗಾಜಿನ ಕಪಾಟಿನಲ್ಲಿಡಲಾಗಿದ್ದು, ತಪಾಸಣೆಗೆ ಬರುವ ಸಾಹೇಬರು ಅದನ್ನು ಧರಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಕಾರ್ಮಿಕರು ದೂರದಿಂದ ನೋಡಬಹುದು.

೫. ತಲೆಸುತ್ತು, ವಾಂತಿ, ಕೈನಡುಕಗಳನ್ನು ಊಟದ ವಿರಾಮದಲ್ಲೇ ಮುಗಿಸಿಕೊಳ್ಳತಕ್ಕದ್ದು. ಔಷಧಿ ಹೊಡೆಯುವಾಗ ಕಾರ್ಮಿಕರ ಗುಡಿಸಲುಗಳತ್ತ ಬೀಸಿದ ಗಾಳಿಗೆ ಕಾರಣ ಕೇಳಿ ನೋಟಿಸು ನೀಡಲಾಗಿದೆ. ಗಾಳಿಯು ಈವರೆಗೆ ಉತ್ತರಿಸಿರುವುದಿಲ್ಲ.

೬. ಲೇಬಲ್ ಓದಿಯೇ ಸರಿಯಾದ ಚುಚ್ಚುಮದ್ದು ಕೊಟ್ಟೆವು, ಆದ್ದರಿಂದಲೇ ರೋಗಿಯ ಜೀವ ಉಳಿಯಿತು, ಡಬ್ಬಿಗಾಗಿ ಉಗ್ರಾಣದ ಮುಂದೆ ಅವನ ಹೆಂಡತಿಯನ್ನು ಎರಡು ಗಂಟೆ ಕಾಯಿಸದಿದ್ದರೆ ಕಣ್ಣೂ ಉಳಿಯುತ್ತಿತ್ತು ಎಂದು ವೈದ್ಯರು ಬರೆದಿದ್ದಾರೆ. ವೈದ್ಯರ ಕೈಬರಹ ಅಸ್ಪಷ್ಟವಾಗಿರುವುದರಿಂದ ಇದನ್ನು ಪರಿಗಣಿಸಲಾಗಿಲ್ಲ.

(ಸಹಿ)
ಲೇಬಲ್ ಸಂರಕ್ಷಣಾಧಿಕಾರಿ (ಪ್ರಭಾರ)

ಪ್ರತಿಗಳು:
ಉಗ್ರಾಣ ಪಾಲಕರಿಗೆ, ಪ್ರಶಂಸಾಪತ್ರದೊಂದಿಗೆ.
ವೈದ್ಯರಿಗೆ, ಇನ್ನು ಮುಂದೆ ಊಹಿಸಿ ಚಿಕಿತ್ಸೆ ನೀಡುವಂತೆ ಕೋರಿ.
ಗಾಳಿಗೆ, ಜ್ಞಾಪನಾಪತ್ರ.
ಔಷಧಿ ಹೊಡೆಯುವವನ ಹೆಂಡತಿಗೆ. ನಾಳೆ ಬೆಳಿಗ್ಗೆಯಿಂದ ಗಂಡನ ಬದಲು ಪಂಪು ಹೊರುವವಳು ಆಕೆಯೇ ಆದ್ದರಿಂದ, ಹೆಬ್ಬೆಟ್ಟು ಒತ್ತಿಸಿಕೊಂಡು ಕೊಡತಕ್ಕದ್ದು.