ಅರವತ್ತನೆಯ ನಗು

ಅಂಬಾರಾಯರು ನಕ್ಕದ್ದನ್ನು ಕಂಡವರು ಪುಣೆಯ ಕಾತ್ರಜದ ಆ ನಾಲ್ಕಂತಸ್ತಿನ ಸೊಸೈಟಿಯಲ್ಲಿ ಯಾರೂ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ನಕ್ಕಿದ್ದರು ಎಂದು ಅವರ ಹೆಂಡತಿ ಸಾವಂತ್ರವ್ವ ಹೇಳುತ್ತಿದ್ದುದುಂಟು. ಯಾವುದಕ್ಕೆ ಎಂದು ಕೇಳಿದರೆ ಅವರಿಗೂ ಖಾತ್ರಿಯಿರಲಿಲ್ಲ. ಹಾಗೆಂದು ಅಂಬಾರಾಯರು ಸಿಡುಕರಲ್ಲ, ದುಃಖಿಗಳೂ ಅಲ್ಲ. ಒಳಗೆ ಎಷ್ಟೇ ಸಂತೋಷವಾದರೂ ಅದು ಮುಖದವರೆಗೆ ಬಂದು ಮುಟ್ಟುತ್ತಿರಲಿಲ್ಲ, ಅಷ್ಟೆ. ಆಧಾರ್ ಕಾರ್ಡಿನ ಫೋಟೋಕ್ಕೆ ಒಂದೇ ಸಲಕ್ಕೆ ಪಾಸಾದ ಮುಖ ಅದು. ಕಲಬುರಗಿ ಕಡೆಯಿಂದ ಬಂದು ಇಪ್ಪತ್ತೆಂಟು ವರ್ಷದಿಂದ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಕ್ಲರ್ಕಾಗಿದ್ದ ಅವರಿಗೆ ಆ ಮುಖದಿಂದ ಯಾವ ತೊಂದರೆಯೂ ಆಗಿರಲಿಲ್ಲ, ಆ ಶುಕ್ರವಾರ ಬೆಳಗಿನವರೆಗೆ.

ಬೆಳಿಗ್ಗೆ ಏಳೂವರೆಗೆ ಮೇಲಿನ ಮನೆಯ ಸಿಂಧೂರ ಲ್ಯಾಪ್‌ಟಾಪ್ ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಅಂಕಲ್, ಪ್ಲೀಸ್, ಎರಡೇ ನಿಮಿಷ. ನೀವು ನಗಬೇಕು ಅಷ್ಟೇ."

"ಯಾಕ?" ಎಂದರು ಅಂಬಾರಾಯರು.

ಸಿಂಧೂರ ಮೈಸೂರಿನವಳು, ಪುಣೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಪ್ಲಾಸ್ಟಿಕ್ ಸರ್ಜರಿ ಕಲಿಯುತ್ತಿದ್ದ ಡಾಕ್ಟರು. ಮುಖದ ನರ ಕೆಟ್ಟು ನಗಲಾರದವರಿಗೆ ತೊಡೆಯ ಸ್ನಾಯುವಿನ ತುಂಡನ್ನು ತಂದು ಕೆನ್ನೆಯೊಳಗೆ ಜೋಡಿಸಿ ಮತ್ತೆ ನಗು ತರಿಸುತ್ತಾರಲ್ಲ, ಆ ಆಪರೇಷನ್ ಮೇಲೆ ಅವಳ ಸಂಶೋಧನೆ. ಆಪರೇಷನ್ ಆದವರ ನಗು ಎಷ್ಟರಮಟ್ಟಿಗೆ ಕೂಡಿಬಂದಿದೆ ಎಂದು ತಿಳಿಯಬೇಕಾದರೆ ಏನೂ ಆಗದವರ ನಗುವನ್ನೂ ಕಂಪ್ಯೂಟರಿನಲ್ಲಿ ಅಳೆದಿಟ್ಟುಕೊಳ್ಳಬೇಕು. ಅಂಥ ಅರವತ್ತು ಜನ ಬೇಕಿತ್ತು. ಐವತ್ತೊಂಬತ್ತು ಜನ ನಕ್ಕು ಹೋಗಿದ್ದರು. ಅರವತ್ತನೆಯವನು ಕೈಕೊಟ್ಟಿದ್ದ, ಸಂಜೆಯೊಳಗೆ ವರದಿ ಒಪ್ಪಿಸಬೇಕಿತ್ತು.

"ಕುಂಡ್ರರೀ, ಆ ಹುಡುಗಿ ಅಷ್ಟು ಕೇಳ್ಲತ್ತಾಳ," ಎಂದು ಒಳಗಿನಿಂದ ಸಾವಂತ್ರವ್ವ ಹೇಳಿದರು.

ಅಂಬಾರಾಯರು ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ಪರದೆಯ ಮೇಲೆ ಅವರ ಮುಖ ಮೂಡಿತು. ಮುಖದ ತುಂಬ ಹಸಿರು ಚುಕ್ಕೆಗಳು ಬಂದು ಕೂತವು. ಅಷ್ಟರಲ್ಲಿ ಹೆಪ್ಪು ಕೇಳಲು ಬಂದ ಎದುರುಮನೆಯ ರುದ್ರವ್ವನವರೂ ಪೇಪರು ಕೇಳಲು ಬಂದ ಕೆಳಗಿನ ಮನೆಯ ಸುಲಭಾಳೂ ಬಂದ ಕೆಲಸ ಮರೆತು ಲ್ಯಾಪ್‌ಟಾಪಿನ ಹಿಂದೆ ನಿಂತರು.

"ನಗಿ ಅಂಕಲ್."

ಅಂಬಾರಾಯರು ನಕ್ಕರು.

"ಹ್ಞಾಂ, ಶುರು ಮಾಡಿ ಅಂಕಲ್."

"ಮಾಡೀನಲ್ಲವ್ವಾ."

ಸಿಂಧೂರ ಕಣ್ಣು ಕಿರಿದು ಮಾಡಿ ಪರದೆ ನೋಡಿದಳು. ಚುಕ್ಕೆಗಳು ಒಂದೂ ಕದಲಿರಲಿಲ್ಲ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದಳು. ಅಂಬಾರಾಯರು ತಮ್ಮಲ್ಲಿದ್ದ ಶಕ್ತಿಯನ್ನೆಲ್ಲ ತುಟಿಗೆ ತಂದರು. ಕಿವಿ ಮಾತ್ರ ಒಂದಿಷ್ಟು ಹಿಂದಕ್ಕೆ ಸರಿದವು. ಕಂಪ್ಯೂಟರು ಟಿಣ್ ಎಂದು ಸದ್ದು ಮಾಡಿ, ಅವರ ಮುಖದ ಕೆಳಗೆ ಉದ್ದಕ್ಕೂ ಒಂದು ಕೆಂಪು ಪಟ್ಟಿ ಎಳೆಯಿತು.

"ಲಾಲ್ ಕಾ ಆಲಂ ಗ?" ಕೆಂಪು ಯಾಕೆ ಬಂತೆಂದು ಸುಲಭಾ ಮರಾಠಿಯಲ್ಲಿ ಕೇಳಿದಳು.

"ರೆಡ್ ಬರೋದು ಫೇಶಿಯಲ್ ಪ್ಯಾರಲಿಸಿಸ್ ಆದವರಿಗೆ," ಎಂದು ಸಿಂಧೂರ ಗಡಿಯಾರ ನೋಡುತ್ತ ಲ್ಯಾಪ್‌ಟಾಪ್ ಮುಚ್ಚಿದಳು. "ಅಂಕಲ್‌ಗೇನೂ ಆಗಿಲ್ಲ, ಬೆಳಕು ಸಾಲ್ತಿಲ್ಲ ಅನ್ಸತ್ತೆ. ನಂಗೆ ಲೇಟಾಯ್ತು, ಬರ್ತೀನಿ."

ಅವಳ ಎರಡು ಮಾತುಗಳಲ್ಲಿ ಮೊದಲನೆಯದನ್ನಷ್ಟೇ ತೆಗೆದುಕೊಂಡು ರುದ್ರವ್ವನವರು ಮೆಟ್ಟಿಲಿಳಿದರು. ಹೆಪ್ಪು ಅಲ್ಲೇ ಉಳಿಯಿತು.

ಅಂಬಾರಾಯರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹೊರಗಿನ ಕೋಣೆಯಲ್ಲಿ ಐದು ಜನ ಕೂತಿದ್ದರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಸುಲಭಾ ಬಿಸಿ ಮಾಡಿದ ಸಾಸಿವೆ ಎಣ್ಣೆ ತಂದಿದ್ದಳು. ರುದ್ರವ್ವನವರು ಮೊಮ್ಮಗನ ಹುಟ್ಟುಹಬ್ಬದಲ್ಲಿ ಉಳಿದ ಬಲೂನುಗಳ ಪೊಟ್ಟಣ ತಂದಿದ್ದರು.

"ನಮ್ಮ ಬೀಗರಿಗೂ ಹಿಂಗೇ ಆಗಿತ್ತರಿ. ದಿನಾ ಇಪ್ಪತ್ತು ಬಲೂನು ಊದಿದ್ರು. ಈಗ ಬಾಯಿ ಭಾಳ ಚಲೋ ಅದ, ಮುಚ್ಚೋದೇ ಇಲ್ಲ."

"ನನಗೇನೂ ಆಗಿಲ್ಲರೀ!" ಎಂದರು ಅಂಬಾರಾಯರು.

"ಮೊದಮೊದಲ ಹಂಗೇ ಅನಸ್ತದರಿ," ಎಂದು ರುದ್ರವ್ವನವರು ನಿಟ್ಟುಸಿರಿಟ್ಟರು.

ಅಂಬಾರಾಯರು ಹೆಂಡತಿಯ ಕಡೆ ನೋಡಿದರು. ಮೂವತ್ತು ವರ್ಷ ಜೊತೆಗಿದ್ದ ಸಾವಂತ್ರವ್ವನೂ ಚಹಾದ ಕಪ್ಪು ಕೈಗೆ ಕೊಟ್ಟು, ಗುಟುಕಿನ ಒಂದು ಹನಿಯಾದರೂ ತುಟಿಯ ಅಂಚಿನಿಂದ ಸೋರುತ್ತದೆಯೋ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದರು. ಅಷ್ಟು ಜನ ಬಾಯಿಯನ್ನೇ ನೋಡುತ್ತ ಕೂತರೆ ಯಾರು ತಾನೇ ನೆಟ್ಟಗೆ ಕುಡಿದಾರು? ಚಹಾ ಅಂಗಿಯ ಮೇಲೆ ಚೆಲ್ಲಿತು. "ನೋಡ್ರಿ, ಸೋರ್ತು!" ಎಂದು ಎಲ್ಲರೂ ಒಟ್ಟಿಗೆ ಎದ್ದು ನಿಂತರು.

ಅಂಗಿ ಬದಲಿಸಿ ಹೊರಬಿದ್ದ ಅಂಬಾರಾಯರು ದಾರಿಯಲ್ಲೇ ಒಂದು ತೀರ್ಮಾನಕ್ಕೆ ಬಂದರು. ಬಾಯಿಂದ ಹೇಳಿದರೆ ಯಾರೂ ನಂಬುವುದಿಲ್ಲ, ನಕ್ಕೇ ತೋರಿಸಬೇಕು. ಬಸ್ಸಿನಲ್ಲಿ ಕಂಡಕ್ಟರನಿಗೆ ನಕ್ಕರು. ಅವನು ಅವರ ಟಿಕೀಟನ್ನು ಮೂರು ಸಲ ತಿರುಗಿಸಿ ನೋಡಿದ. ಎದುರು ಸೀಟಿನ ಹೆಂಗಸಿಗೆ ನಕ್ಕರು. ಆಕೆ ಪರ್ಸನ್ನು ಮಡಿಲಿಗೆಳೆದುಕೊಂಡು ಎದ್ದು ಹೋಗಿ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತಳು. ಇನ್ನೂ ಮೂರು ಸ್ಟಾಪು ನಗುತ್ತ ಹೋಗುವ ಧೈರ್ಯ ಅವರಿಗಾಗಲಿಲ್ಲ.

ಆಫೀಸಿಗೆ ಸುದ್ದಿ ಅವರಿಗಿಂತ ಮೊದಲೇ ಮುಟ್ಟಿತ್ತು. ಅದೇ ಸೊಸೈಟಿಯ ಎರಡನೇ ಮಹಡಿಯಲ್ಲಿದ್ದ ರೋಹಿತ ಅದೇ ಆಫೀಸಿನಲ್ಲಿ ಕ್ಲರ್ಕು. ಸ್ಕೂಟರಿನ ಮೇಲೆ ಬರುತ್ತಿದ್ದ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಬಂದದ್ದನ್ನು ಅವನು ತುಂಬ ವ್ಯಸನದಿಂದ ಮ್ಯಾನೇಜರಿಗೆ ತೋರಿಸಿ ಆಗಿತ್ತು.

ಮ್ಯಾನೇಜರ್ ಅಮರ ನಿಪ್ಪಾಣಿಯವರು, ಒಳ್ಳೆಯ ಮನುಷ್ಯ. ಅಂಬಾರಾಯರು ಒಳಗೆ ಬಂದಾಗ ಅವರು ಫೋನಿನಲ್ಲಿ, ಸಾತಾರಾದ ಹತ್ತಿರ ಲಾರಿ ಕೆಟ್ಟು ನಿಂತದ್ದನ್ನು ಕೇಳಿಸಿಕೊಳ್ಳುತ್ತಿದ್ದರು. ಅಂಬಾರಾಯರು ಎದುರಿಗೆ ನಿಂತು, ದಾರಿಯಲ್ಲಿ ರೂಢಿ ಮಾಡಿಕೊಂಡು ಬಂದ ನಗುವನ್ನು ಪೂರ್ತಿಯಾಗಿ ಬಿಟ್ಟರು. ಅಮರ ಸಾಹೇಬರ ಕೈಯಿಂದ ಫೋನು ಟೇಬಲಿನ ಮೇಲೆ ಬಿತ್ತು.

"ಅರೇ ಬಾಪರೇ! ಕುಂದರ್ರಿ, ಮೊದಲ ಕುಂದರ್ರಿ. ರೋಹಿತ, ಪಾಣೀ ಆಣ್!"

"ಸಾಹೇಬ್ರ, ನಾ ನಗ್ಲತ್ತೀನಿ."

"ಗೊತ್ತಾಗ್ತದರಿ, ಎಷ್ಟು ಕಷ್ಟ ಆಗ್ಲಿಕತ್ತದ ಅಂತ ಗೊತ್ತಾಗ್ತದ." ಅಮರ ಸಾಹೇಬರು ಅವರ ಹೆಗಲ ಮೇಲೆ ಕೈಯಿಟ್ಟರು. "ನಾಳಿ ಮಗರಪಟ್ಟಾದ ಹೊಸ ಬುಕಿಂಗ್ ಆಫೀಸು ಸುರು ಆಗ್ತದ. ನಿಮ್ಮನ್ನ ಇನ್‌ಚಾರ್ಜ್ ಮಾಡೀನಿ, ಅದರಾಗ ಎರಡು ಮಾತಿಲ್ಲ. ಆದ್ರ ನಿಮಗ ಏನೂ ಆಗಿಲ್ಲ ಅಂತ ಡಾಕ್ಟರ ಕಡೆಯಿಂದ ಒಂದು ಕಾಗದ ಬೇಕರಿ. ಐದಕ್ಕ ಮುಂಚೆ ತರ್ರಿ. ಇಲ್ಲಂದ್ರ ನಾಳಿ ರೋಹಿತನ್ನ ಕೂಡಸಬೇಕಾಗ್ತದ."

ನೀರು ತಂದ ರೋಹಿತ ನೆಲ ನೋಡುತ್ತ ನಿಂತಿದ್ದ. ಅವನ ಮುಖದಲ್ಲಿ ವ್ಯಸನ ಸ್ವಲ್ಪ ಕಡಿಮೆಯಾದಂತೆ ಅಂಬಾರಾಯರಿಗೆ ಕಂಡಿತು.

ಇಪ್ಪತ್ತೆಂಟು ವರ್ಷ ಯಾರದೋ ಟೇಬಲಿನ ಪಕ್ಕದ ಟೇಬಲಿನಲ್ಲಿ ಕೂತವರು ಅವರು. ತಮ್ಮದೇ ಒಂದು ಕೋಣೆ, ಬಾಗಿಲ ಮೇಲೆ ಹೆಸರು. ಸಾವಂತ್ರವ್ವ ನಾಳೆಗೆಂದು ಇಸ್ತ್ರಿ ಅಂಗಿ ತರಿಸಿಟ್ಟಿದ್ದರು. ಅಂಬಾರಾಯರು ಆ ನೀರನ್ನೂ ಕುಡಿಯದೆ ಆಟೋ ಹಿಡಿದರು.

ಆಸ್ಪತ್ರೆಯಲ್ಲಿ ಅವರು ಮೂರು ಗಂಟೆಯವರೆಗೆ ಕಾಯಬೇಕಾಯಿತು. ಮೂರನೇ ಮಹಡಿಯ ನಗು ಅಳೆಯುವ ಕೋಣೆಯಲ್ಲಿ ಸಿಂಧೂರ ಅವರನ್ನು ಕಂಡು ಬೆರಗಾದಳು. ಕತೆಯೆಲ್ಲ ಕೇಳಿ ನಗು ಬಂದರೂ ತಡೆದುಕೊಂಡು ದೊಡ್ಡ ಕ್ಯಾಮೆರಾದ ಮುಂದೆ ಕೂಡಿಸಿದಳು. ನಾಲ್ಕು ಕಡೆ ದೀಪ ಹಚ್ಚಿದಳು. ನಗಿ ಎಂದಳು. ಕೆಂಪು. ಮತ್ತೆ ನಗಿ ಎಂದಳು. ಮತ್ತೂ ಕೆಂಪು.

"ಅಂಕಲ್, ನೀವು ತುಟಿ ಎಳೀತಿದೀರಾ. ನಿಜವಾದ ನಗು ಹಾಗೆ ಬರಲ್ಲ, ಕಣ್ಣೂ ನಗಬೇಕು."

"ಕಣ್ಣಿಗೆ ನಾ ಹ್ಯಾಂಗ ಹೇಳ್ಲೆವ್ವಾ?"

ಗೋಡೆಯ ಹತ್ತಿರ ತನ್ನ ಸರದಿ ಕಾಯುತ್ತ ಕೂತಿದ್ದ ಹೆಣ್ಣುಮಗಳೊಬ್ಬಳು ಎದ್ದು ಬಂದಳು. ಹೆಸರು ನೀರಜಾ, ಸೊಲ್ಲಾಪುರದ ಶಾಲಾ ಮಾಸ್ತರಣಿ. ಕಿವಿಯ ಹಿಂದಿನ ಗಡ್ಡೆ ತೆಗೆಯುವಾಗ ಅವಳ ಮುಖದ ಎಡಭಾಗದ ನರ ಹೋಗಿತ್ತು. ಎರಡು ವರ್ಷ ಸೆರಗಿನಿಂದ ಮುಖ ಮರೆಮಾಡಿಕೊಂಡು ಪಾಠ ಹೇಳಿದ್ದಳು. ಎಂಟು ತಿಂಗಳ ಹಿಂದೆ ಆಪರೇಷನ್ ಆಗಿತ್ತು.

"ಕಾಕಾ, ನನಗೂ ಮೊದಲ ಬರ್ತಿದ್ದಿಲ್ಲರಿ," ಎಂದಳು. "ನನ್ನ ಕೆನ್ನ್ಯಾಗ ಕೂಡಿಸಿದ ಸ್ನಾಯುಕ್ಕ ಹಲ್ಲು ಕಚ್ಚೋ ನರಾನೇ ಜೋಡಿಸ್ಯಾರ. ಹಲ್ಲು ಕಚ್ಚಿದ್ರ ನಗು ಬರ್ತದ. ದಿನಾ ಕನ್ನಡಿ ಮುಂದ ನಿಂತು ಕಚ್ಚತೀನಿ. ನೀವೂ ಕಚ್ಚಿ ನೋಡ್ರಿ."

ಸಿಂಧೂರ ಬೇಡ ಎನ್ನುವಷ್ಟರಲ್ಲಿ ಅಂಬಾರಾಯರು ಹಲ್ಲು ಕಚ್ಚಿಬಿಟ್ಟಿದ್ದರು. ದವಡೆ ಉಬ್ಬಿತು, ಹುಬ್ಬು ಕೂಡಿತು, ಮೂಗಿನ ಹೊಳ್ಳೆ ಅಗಲವಾಯಿತು. ಬಿಸ್ಕೀಟು ಕಸಿದುಕೊಂಡವರ ಮೇಲೆ ಎಗರಲು ನಿಂತ ನಾಯಿಯ ಹಾಗೆ ಅವರು ಕ್ಯಾಮೆರಾವನ್ನು ದುರುಗುಟ್ಟಿ ನೋಡಿದರು.

ನೀರಜಾ ಕಿಸಕ್ಕನೆ ನಕ್ಕಳು. ಹಲ್ಲು ಕಚ್ಚುವುದು ನೆನಪಾಗುವ ಮೊದಲೇ ನಕ್ಕಿದ್ದಳು. ಬಲಗೆನ್ನೆ ಏರಿತು, ಅದರ ಹಿಂದೆಯೇ, ಹೊಸದಾಗಿ ನಡೆಯಲು ಕಲಿತ ಕೂಸಿನ ಹಾಗೆ ತೂಗಾಡುತ್ತ, ಎಡಗೆನ್ನೆಯೂ ಏರಿತು. ಅವಳಿಗೆ ಗೊತ್ತಾಗಿ ತಟ್ಟನೆ ಕೈಯಿಂದ ಕೆನ್ನೆ ಮುಟ್ಟಿ ನೋಡಿಕೊಂಡಳು. "ಡಾಕ್ಟರ್, ಕಚ್ಚದೇನೇ ಬಂತು!" ಎಂದಳು. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು.

ಅದನ್ನು ನೋಡುತ್ತ ಕೂತ ಅಂಬಾರಾಯರಿಗೆ ಕಾಗದ, ಮಗರಪಟ್ಟಾ, ರೋಹಿತ ಎಲ್ಲ ಮರೆತುಹೋಯಿತು. ಎದೆಯಲ್ಲಿ ಏನೋ ಸಡಿಲವಾದಂತಾಯಿತು. ಟಿಣ್ ಎಂದು ಸದ್ದಾದಾಗ ಅವರೂ ಬೆಚ್ಚಿ ಪರದೆಯ ಕಡೆ ನೋಡಿದರು. ಅಲ್ಲಿ ಯಾರೋ ಒಬ್ಬ ಸಂತೋಷದ ಮನುಷ್ಯನ ಮುಖವಿತ್ತು. ಅದರ ಕೆಳಗೆ ಉದ್ದಕ್ಕೂ ಹಸಿರು ಪಟ್ಟಿ.

"ನೂರಕ್ಕೆ ತೊಂಬತ್ತಾರು ಅಂಕಲ್! ಅರವತ್ತು ಜನರಲ್ಲಿ ನೀವೇ ಫಸ್ಟು!" ಸಿಂಧೂರ ಕುಣಿದಾಡಿದಳು. ಅಲ್ಲೇ ಕೂತು ಆಸ್ಪತ್ರೆಯ ಕಾಗದದ ಮೇಲೆ, ಇವರ ಮುಖದ ಎರಡೂ ಬದಿ ಸಂಪೂರ್ಣ ಸರಿಯಾಗಿವೆ ಎಂದು ಬರೆದು ಸಹಿ ಮಾಡಿ ಕೊಟ್ಟಳು. ಅಷ್ಟರಲ್ಲಿ ನರ್ಸು ಬಂದು ಕರೆದದ್ದರಿಂದ ನೀರಜಾಳನ್ನೂ ಕರೆದುಕೊಂಡು ಒಳಗೆ ಓಡಿದಳು.

ಅಂಬಾರಾಯರು ಕಾಗದ ಮಡಚಿ ಜೇಬಿಗಿಡುತ್ತಿದ್ದಾಗ ಇನ್ನೊಂದು ಬಾಗಿಲಿನಿಂದ ವಿಭಾಗದ ದೊಡ್ಡ ಡಾಕ್ಟರು ಏಳೆಂಟು ಅತಿಥಿಗಳೊಂದಿಗೆ ಬಂದರು. ಹಿಂದೆ ಆಸ್ಪತ್ರೆಯ ಪ್ರಚಾರ ನೋಡಿಕೊಳ್ಳುವ ಶೀತಲ್ ಎಂಬ ಹೆಣ್ಣುಮಗಳು ಮೊಬೈಲು ಎತ್ತಿ ಹಿಡಿದಿದ್ದಳು. ಪರದೆಯ ಮೇಲೆ ಎರಡು ಚಿತ್ರಗಳು ಅಕ್ಕಪಕ್ಕ ಇದ್ದವು: ಮೊದಲಿನ ಅಂಬಾರಾಯರು, ಕೆಂಪು, ಈಗಿನ ಅಂಬಾರಾಯರು, ಹಸಿರು.

ದೊಡ್ಡ ಡಾಕ್ಟರು ಪರದೆ ನೋಡಿದರು, ಅಂಬಾರಾಯರನ್ನು ನೋಡಿದರು. "ನೋಡಿ, ಮೊದಲು ಹೀಗಿದ್ದರು, ಈಗ ಹೀಗಿದ್ದಾರೆ!" ಎಂದು ಅತಿಥಿಗಳಿಗೆ ಇಂಗ್ಲಿಷಿನಲ್ಲಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬರು ಹತ್ತಿರ ಬಂದು ಅಂಬಾರಾಯರ ಕೆನ್ನೆಯಲ್ಲಿ ಹೊಲಿಗೆಯ ಗುರುತು ಹುಡುಕಿ, ಸಿಗದೆ, ಇನ್ನೊಮ್ಮೆ ಚಪ್ಪಾಳೆ ತಟ್ಟಿದರು.

"ನಾ ಪೇಶಂಟ್ ಅಲ್ಲರೀ. ಆ ಸೊಲ್ಲಾಪುರದ ಹುಡುಗಿ ಒಳಗಿದಾಳ, ಕರೀರಿ ಆಕಿನ್ನ!" ಗಡಿಬಿಡಿಯಲ್ಲಿ ಅಂಬಾರಾಯರ ಬಾಯಲ್ಲಿ ಬಂದದ್ದು ಕಲಬುರಗಿ ಕನ್ನಡ. ದೊಡ್ಡ ಡಾಕ್ಟರಿಗೆ ಒಂದಕ್ಷರವೂ ತಿಳಿಯಲಿಲ್ಲ. ಕೃತಜ್ಞತೆ ಹೇಳುತ್ತಿದ್ದಾರೆ ಎಂದುಕೊಂಡು ಅವರನ್ನು ಅಪ್ಪಿಕೊಂಡರು. ಶೀತಲ್ ಅದನ್ನೂ ಸೆರೆಹಿಡಿದಳು.

ನಾಲ್ಕೂ ಮುಕ್ಕಾಲಿಗೆ ಅಂಬಾರಾಯರು ಏದುಸಿರು ಬಿಡುತ್ತ ಆಫೀಸು ಸೇರಿ ಕಾಗದವನ್ನು ಅಮರ ಸಾಹೇಬರ ಮುಂದಿಟ್ಟರು. ಸಾಹೇಬರು ಅದನ್ನು ಓದಿ, ಎದ್ದು ನಿಂತು, ಎರಡೂ ಕೈಯಿಂದ ಅವರ ಕೈ ಕುಲುಕಿದರು.

"ಅಭಿನಂದನ ರೀ ಅಂಬಾರಾಯರ! ಸರಿ ಆಗೇದ ಅಂತ ಇದರಾಗೂ ಬರದಾರ. ನಾವು ಆಗಲೇ ನೋಡೀವಿ." ಮೊಬೈಲು ತಿರುಗಿಸಿ ತೋರಿಸಿದರು. ಆಸ್ಪತ್ರೆಯ ಪುಟದಲ್ಲಿ ಅವರ ಎರಡೂ ಮುಖಗಳು, ಕೆಳಗೆ ಮರಾಠಿಯಲ್ಲಿ ದಪ್ಪಕ್ಷರ: ತೊಡೆಯ ಸ್ನಾಯು ಕೆನ್ನೆಗೆ, ಶಸ್ತ್ರಚಿಕಿತ್ಸೆಯಿಂದ ಮರಳಿ ಬಂದ ನಗು. ಅದರ ಕೆಳಗೆ ಇನ್ನೂರು ಜನ ಕೈಮುಗಿದಿದ್ದರು. ಅವರಲ್ಲಿ ಮೊದಲಿಗ ರೋಹಿತ.

"ಸಾಹೇಬ್ರ, ನನಗ ಆಪರೇಷನ್ ಆಗೇ ಇಲ್ಲ!"

"ಈಗಿನ ಕಾಲದಾಗ ಹಂಗೇರಿ, ಆಗಿದ್ದೇ ಗೊತ್ತಾಗೂದಿಲ್ಲ. ಖರೆ ನಿಮ್ಮ ನಿಷ್ಠಾಕ್ಕ ಏನ್ ಹೇಳ್ಲಿ? ತೊಡೀ ಮಾಂಸ ಕೆನ್ನಿಗೆ ಹಾಕಿಸಿಕೊಂಡು ಹಂಗೇ ಆಫೀಸಿಗೆ ಬಂದೀರಿ!" ಸಾಹೇಬರ ದನಿ ತೇವವಾಯಿತು. "ನಾ ಅಷ್ಟು ಕ್ರೂರ ಅಲ್ಲರಿ. ಒಂದು ತಿಂಗಳು ಪೂರಾ ಆರಾಮ ತಗೋರಿ. ಮಗರಪಟ್ಟಾ ರೋಹಿತ ನೋಡ್ತಾನ."

ಅಂಬಾರಾಯರು ಸಿಂಧೂರಳಿಗೆ ಫೋನು ಹಚ್ಚಿದರು. ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿದ್ದಾರೆ, ಎಂಟು ತಾಸು ಸಿಗುವುದಿಲ್ಲ ಎಂದು ಯಾರೋ ಹೇಳಿದರು.

ಸೊಸೈಟಿಯ ಗೇಟಿನಲ್ಲಿ ಜನ ಸೇರಿದ್ದರು. ಸುಲಭಾ ಆರತಿ ತಟ್ಟೆ ಹಿಡಿದಿದ್ದಳು. ಸಾವಂತ್ರವ್ವ ಕಣ್ಣೊರೆಸಿಕೊಳ್ಳುತ್ತ, "ನನಗೊಂದು ಮಾತ ಹೇಳದೇ ಹೋಗಿ ಕೊಯ್ಯಿಸಿಕೊಂಡು ಬಂದೀರಲ್ಲ!" ಎಂದು ಗಂಡನ ತೊಡೆಯ ಕಡೆ ನೋಡಿದರು. ಎಲ್ಲರೂ ಮೊಬೈಲು ಎತ್ತಿ ಹಿಡಿದರು.

"ಒಮ್ಮೆ ನಕ್ಕು ತೋರಸ್ರೀ," ಎಂದರು ರುದ್ರವ್ವ. "ಮುಂಜಾನೆಯಿಂದ ನಮಗ ಜೀವಾನೇ ಇದ್ದಿಲ್ಲ."

ಅಂಬಾರಾಯರು ಅವರೆಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. ಒಂದು ತಿಂಗಳು ಇವರ ನಡುವೆಯೇ ಮನೆಯಲ್ಲಿ ಕೂರಬೇಕೆಂಬುದು ಆಗ ಅವರ ತಲೆಗೆ ಹೊಳೆಯಿತು. ಮುಖದ ಒಂದು ಗೆರೆಯೂ ಅಲುಗಲಿಲ್ಲ.

ಆಮೇಲೆ ರುದ್ರವ್ವನವರು ಮೊಬೈಲು ಕೆಳಗಿಳಿಸಿ, ಸುಲಭಾಳ ಕಿವಿಯ ಹತ್ತಿರ ಬಗ್ಗಿ, ಎಲ್ಲರಿಗೂ ಕೇಳುವಂತೆ ಹೇಳಿದರು:

"ಅಯ್ಯೋ ಪಾಪ! ಸಂಜೀತನಕಾನೂ ತಾಳ್ಲಿಲ್ಲ ನೋಡವ್ವಾ ಆಪರೇಷನ್ನು."